ಹೊಸ ಬ್ಯಾಕ್ಟೀರಿಯಾ ಪ್ರಭೇದದ ಗುರುತಿಸುವಿಕೆ ಮತ್ತು ಠೇವಣಿ

ಕಾರವಾರದಂತಹ ಕರಾವಳಿಯ ಕೆಸರಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಿಂದ ಮಾತ್ರವೇ ಹೊಸ ಪ್ರಭೇದವೆಂದು ನಿರ್ಣಯಿಸಲಾಗದು. ಅದರ 16ಎಸ್ ಆರ್‌ಆರ್‌ಎನ್‌ಎ ಜೀನು ಪರಿಚಿತ ಪ್ರಭೇದಗಳೊಡನೆ ಶೇ. 98.7ಕ್ಕಿಂತ ಕಡಿಮೆ ಹೋಲಿಕೆ ಹೊಂದಿದ್ದಲ್ಲಿ ಹೊಸದೆಂದು ಭಾವಿಸಬಹುದು. ಹೆಚ್ಚಿದ್ದಲ್ಲಿ ಸಂಪೂರ್ಣ ಜೀನೋಮ್‌ಗಳ ಹೋಲಿಕೆಯು ಸುಮಾರು ಶೇ. 95ಕ್ಕಿಂತ ಕೆಳಗಿರತಕ್ಕದ್ದು.

ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯನ್ವಯ, ಜೀವಂತ ಮಾದರಿ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿ ಇಡದ ಹೊರತು ಹೆಸರಿಗೆ ಮಾನ್ಯತೆ ದೊರೆಯದು. ಆದುದರಿಂದ ತಳಿಯನ್ನು ವಿದೇಶಕ್ಕೆ ಕಳುಹಿಸುವ ಮುನ್ನವೇ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ಸಂಪರ್ಕಿಸುವುದು.

ಜೀವವೈವಿಧ್ಯ ಅಧಿನಿಯಮ, 2002ರ 39ನೇ ಪ್ರಕರಣದ ಮೇರೆಗೆ, ಹೊಸ ಜೀವಿಯನ್ನು ಕಂಡುಹಿಡಿದ ಯಾವುದೇ ವ್ಯಕ್ತಿಯು ನಿಯೋಜಿತ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸತಕ್ಕದ್ದು. ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯು ಇಂತಹ ಒಂದು ಭಂಡಾರ. ಕಲಾದಗಿ ಬಳಿಯ ಘಟಪ್ರಭಾ ನದಿಯ ಹೂಳಿನಲ್ಲಿ ದೊರೆತ ಬ್ಯಾಕ್ಟೀರಿಯಾಕ್ಕೂ ಇದೇ ನಿಯಮ ಅನ್ವಯಿಸುತ್ತದೆ.