ಯಾರ ಕೈಯಲ್ಲಿ ಎಷ್ಟು ನೆಲ? ನಗರದ ದೊಡ್ಡ ಉದ್ಯಾನಗಳ ಪಾಲನೆ ನಡೆದುಬಂದ ದಾರಿ

ಬೆಂಗಳೂರಿನ ಉದ್ಯಾನಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಹೆಸರುಗಳ ಸಾಲು ಹಿಡಿಯುತ್ತಾರೆ. ಹೈದರಾಲಿ, ಟಿಪ್ಪು, ಕ್ಯಾಮರಾನ್, ಕ್ರುಂಬಿಗಲ್, ಜವರಾಯ, ಮರಿಗೌಡ. ಇವರಲ್ಲಿ ಒಬ್ಬರನ್ನೂ ಬಿಡುವಂತಿಲ್ಲ. ಆದರೆ ಈ ಸಾಲನ್ನಷ್ಟೇ ಓದಿದರೆ ಒಂದು ಮುಖ್ಯ ಸಂಗತಿ ಕೈತಪ್ಪುತ್ತದೆ. ಉದ್ಯಾನ ಯಾತಕ್ಕೆ ಎಂಬ ಪ್ರಶ್ನೆಗೆ ಪ್ರತಿ ಕಾಲವೂ ಬೇರೆ ಉತ್ತರ ಕೊಟ್ಟಿದೆ, ಮತ್ತು ಹೊಸ ಉತ್ತರ ಬಂದಾಗ ಹಳೆಯದನ್ನು ಯಾರೂ ತೆಗೆದುಹಾಕಲಿಲ್ಲ. ಅರಸರ ತೋಟ ಸಸ್ಯಶಾಸ್ತ್ರದ ತೋಟವಾಯಿತು, ಅದರ ಮೇಲೆ ಗಾಳಿಸೇವನೆಯ ಜಾಗವಾಯಿತು, ಅದರ ಮೇಲೆ ಜಾತ್ರೆಯ ಬಯಲಾಯಿತು, ಈಗ ಹಕ್ಕಿ, ಮರ, ಅಂತರ್ಜಲ ಉಳಿಸುವ ತಾಣವೂ ಆಗಬೇಕಾಗಿದೆ. ಲಾಲ್‌ಬಾಗಿನ 240 ಎಕರೆ ಇವತ್ತು ಈ ಎಲ್ಲ ಕೆಲಸವನ್ನೂ ಒಟ್ಟಿಗೆ ಮಾಡುತ್ತಿದೆ. ಉದ್ಯಾನ ನಿರ್ವಹಣೆ ಎಂಬ ವಿದ್ಯೆ ಬೆಳೆದದ್ದು ಈ ಹೊರೆಯಿಂದಲೇ.

1760ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಕೈಹಾಕಿದಾಗ ಈ ತೊಡಕು ಇರಲಿಲ್ಲ. ತೋಟ ಅರಸನದು, ಒಳಗೆ ಯಾರು ಬರಬೇಕೆಂಬುದೂ ಅರಸನ ಇಷ್ಟ. ಟಿಪ್ಪು ಹೊರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಅದನ್ನು ಬೆಳೆಸಿದ. 1799ರ ನಂತರ ಕೈಯಿಂದ ಕೈಗೆ ದಾಟುತ್ತ ಬಂದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದನ್ನು ನೋಡಿಕೊಳ್ಳಲು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಬಂದರು. ಆಗಿನ ಲೆಕ್ಕದಲ್ಲಿ ಉದ್ಯಾನದ ಯಶಸ್ಸು ಎಂದರೆ ಎಷ್ಟು ಹೊಸ ಗಿಡ ಈ ನೆಲಕ್ಕೆ ಒಗ್ಗಿತು, ಎಷ್ಟು ಸಸಿ ರೈತರ ಹೊಲ ಸೇರಿತು ಎಂಬುದು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂರು ದಶಕಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದರು. ನಮ್ಮ ಸಾಂಬಾರು, ಪಲ್ಯಗಳಲ್ಲಿ ಬೀಳುವ ಸೀಮೆಬದನೆಕಾಯಿ ಇಲ್ಲಿ ಬೇರೂರಿದ್ದು ಅವರಿಂದ ಎನ್ನುತ್ತಾರೆ. ತೋಟದ ವಿಸ್ತಾರವನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿದವರೂ ಅವರೇ. ಜನರನ್ನು ಸೆಳೆಯಲೆಂದು ಒಂದು ಸಣ್ಣ ಪ್ರಾಣಿಸಂಗ್ರಹವೂ ಆಗ ಅಲ್ಲಿತ್ತು. ಅದರ ಪಾರಿವಾಳದ ಗೂಡು ಈಗಲೂ ನಿಂತಿದೆ.

1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಇಟ್ಟರು. ಅದಕ್ಕೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ನರೇ ಇಂಗ್ಲೆಂಡಿನ ಬರ್ಕನ್‌ಹೆಡ್ ಎಂಬ ಊರಿನಲ್ಲಿ ಸಾರ್ವಜನಿಕರ ದುಡ್ಡಿನಲ್ಲಿ ಸಾರ್ವಜನಿಕರಿಗಾಗಿಯೇ ಒಂದು ಉದ್ಯಾನ ಕಟ್ಟಿದ್ದರು. 1847ರಲ್ಲಿ ತೆರೆದ ಆ ಉದ್ಯಾನಕ್ಕೆ 1850ರಲ್ಲಿ ಅಮೆರಿಕದಿಂದ ಒಬ್ಬ ತರುಣ ಬಂದು, ಬಡವರೂ ಸಿರಿವಂತರೂ ಒಂದೇ ಹುಲ್ಲಿನ ಮೇಲೆ ಓಡಾಡುವುದನ್ನು ಬೆರಗಿನಿಂದ ನೋಡಿದ. ಅವನೇ ಫ್ರೆಡರಿಕ್ ಲಾ ಓಮ್‌ಸ್ಟೆಡ್. ಎಂಟು ವರ್ಷಗಳ ನಂತರ ಕ್ಯಾಲ್ವರ್ಟ್ ವಾಕ್ಸ್ ಜೊತೆಗೂಡಿ ಅವನು ಬರೆದ ನಕ್ಷೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಆಯಿತು. 843 ಎಕರೆ. ಎಲ್ಲರಿಗೂ ಸೇರಿದ ಉದ್ಯಾನ ಎಂಬ ಆ ದೊಡ್ಡ ಮಾತಿನ ಅಡಿಯಲ್ಲಿ ಒಂದು ಊರು ಮುಚ್ಚಿಹೋಗಿದೆ. ಸೆನೆಕಾ ವಿಲೇಜ್ ಎಂಬಲ್ಲಿ ಸುಮಾರು 225 ಜನ ಬಾಳುತ್ತಿದ್ದರು. ಬಹುಪಾಲು ಕಪ್ಪು ಜನ, ಸ್ವಂತ ನೆಲ ಮಾಡಿಕೊಂಡವರೂ ಅವರಲ್ಲಿದ್ದರು. 1857ರಲ್ಲಿ ಅವರನ್ನು ಎಬ್ಬಿಸಿ ಉದ್ಯಾನ ಮಾಡಿದರು. ಉದ್ಯಾನಗಳ ಚರಿತ್ರೆ ಹೇಳುವಾಗ ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

ಕಬ್ಬನ್ ಉದ್ಯಾನ ಹುಟ್ಟಿದ್ದು ಈ ಹೊಸ ಗಾಳಿಯಲ್ಲಿ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಸುಮಾರು 100 ಎಕರೆಯಲ್ಲಿ ಅದನ್ನು ರೂಪಿಸಿದರು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ. ಲಾಲ್‌ಬಾಗಿಗೆ ಗೋಡೆಯಿತ್ತು, ಗಿಡಗಳ ಪಟ್ಟಿಯಿತ್ತು. ಇದಕ್ಕಿದ್ದದ್ದು ದಾರಿಗಳು, ಬ್ಯಾಂಡ್ ಸ್ಟ್ಯಾಂಡ್, ಪ್ರತಿಮೆಗಳು. ಅಠಾರಾ ಕಚೇರಿ ಪಕ್ಕದಲ್ಲೇ ಎದ್ದು ನಿಂತಿತ್ತು. 1877ರಲ್ಲಿ ವಸ್ತುಸಂಗ್ರಹಾಲಯದ ಕಟ್ಟಡ, 1915ರಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಆಮೇಲೆ ಕ್ಲಬ್ಬು, ಟೆನಿಸ್ ಅಂಗಳ, ಬಾಲಭವನ, ವೆಂಕಟಪ್ಪ ಚಿತ್ರಶಾಲೆ ಒಂದೊಂದಾಗಿ ಬಂದವು. ಸಂಸ್ಕೃತಿಗೆ ಜಾಗ ಕೊಡುವುದೆಂದರೆ ಕಟ್ಟಡಕ್ಕೆ ಜಾಗ ಕೊಡುವುದು ಎಂದು ಬಹಳ ಕಾಲ ನಂಬಿದ್ದೆವು. ಒಂದೊಂದೂ ಒಳ್ಳೆಯ ಕಾರಣಕ್ಕೇ ಬಂದದ್ದು, ಒಟ್ಟು ಸೇರಿದಾಗ ಮಾತ್ರ ಉದ್ಯಾನದ ನೆಲ ತುಂಡುತುಂಡಾಯಿತು.

ಹೀಗೆ ಕಟ್ಟುವ ಹುಮ್ಮಸ್ಸಿನ ನಡುವೆ ಬೇರೆ ರೀತಿ ಯೋಚಿಸಿದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಕ್ಯೂನಲ್ಲಿ ದುಡಿದು, ಬರೋಡಾ ಸಂಸ್ಥಾನದಲ್ಲಿದ್ದು, 1908ರ ಹೊತ್ತಿಗೆ ಲಾಲ್‌ಬಾಗಿನ ಹೊಣೆ ಹೊತ್ತವರು ಅವರು. ವರ್ಷದ ಯಾವ ತಿಂಗಳಲ್ಲೂ ಊರಿನಲ್ಲಿ ಯಾವುದಾದರೊಂದು ಮರ ಹೂಬಿಟ್ಟಿರಬೇಕು ಎಂದು ಲೆಕ್ಕ ಹಾಕಿ ಸಾಲುಮರಗಳನ್ನು ಆಯ್ದರು. ಉದ್ಯಾನದ ಬೇಲಿ ದಾಟಿ ಇಡೀ ನಗರವನ್ನು ನೋಡಿದ ಕಣ್ಣು ಅದು. ಅವರ ನಂತರ ಎಚ್. ಸಿ. ಜವರಾಯರು, 1951ರಿಂದ ಎಂ. ಎಚ್. ಮರಿಗೌಡರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾದದ್ದು ಮರಿಗೌಡರ ದುಡಿಮೆಯಿಂದ. ಮಾವು, ದ್ರಾಕ್ಷಿ, ತರಕಾರಿ ಬೆಳೆಯುವ ರೈತನನ್ನು ನೋಡಿಕೊಳ್ಳುವ ಇಲಾಖೆಯೇ ನಗರದ ಎರಡು ದೊಡ್ಡ ಉದ್ಯಾನಗಳನ್ನೂ ನೋಡಿಕೊಳ್ಳುವ ಈ ಏರ್ಪಾಡು ಇಂದಿಗೂ ನಡೆದಿದೆ. ಇದರಿಂದ ಉದ್ಯಾನಕ್ಕೆ ಗಿಡ ಬಲ್ಲವರು ಸಿಕ್ಕರು. ಗುಂಪನ್ನು, ವಾಹನವನ್ನು, ಕಲೆಯನ್ನು ನಿಭಾಯಿಸುವುದು ಮಾತ್ರ ಇಲಾಖೆಗೆ ಹೊರಗಿನಿಂದ ಬಂದ ಕೆಲಸವಾಗಿಯೇ ಉಳಿಯಿತು.

ಫಲಪುಷ್ಪ ಪ್ರದರ್ಶನ ಈ ಎರಡೂ ಕೆಲಸ ಕೂಡುವ ಜಾಗ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸುತ್ತಮುತ್ತ ವರ್ಷಕ್ಕೆರಡು ಬಾರಿ ಲಾಲ್‌ಬಾಗಿನಲ್ಲಿ ನಡೆಯುವ ಇದು ಬೆಳೆಗಾರರ ಪೈಪೋಟಿಯ ಕಣವೂ ಹೌದು, ನಾಡಹಬ್ಬವೂ ಹೌದು. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೆನಪಿಗೆ ಗಾಜಿನ ಮನೆಯಲ್ಲಿ ಹೂವಿನಲ್ಲಿ ಗಾಜನೂರಿನ ಅವರ ಮನೆ ಕಟ್ಟಿದಾಗ ಹಳ್ಳಿಹಳ್ಳಿಗಳಿಂದ ಜನ ಬಂದರು. ಇಂಥ ಜನಸಾಗರವನ್ನು ಕಂಡು ಮೂಗು ಮುರಿಯುವವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ತಮ್ಮದೆನಿಸದ ಉದ್ಯಾನವನ್ನು ಜನ ಯಾಕೆ ಉಳಿಸಿಕೊಳ್ಳುತ್ತಾರೆ? ಪ್ರಶ್ನೆ ಇರುವುದು ಪ್ರದರ್ಶನ ಮುಗಿದ ಮರುದಿನ ನೆಲ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದರಲ್ಲಿ.

ಆ ನೆಲವನ್ನು ಹತ್ತಿರದಿಂದ ನೋಡಬೇಕು. ಜನ ದಿನವೂ ಕೂರುವ, ನಿಲ್ಲುವ ಒಂದು ಮರದ ಬುಡಕ್ಕೆ ಹೋಗಿ ಒಂದು ಚೊಂಬು ನೀರು ಹುಯ್ದರೆ ಅದು ಇಂಗುವುದಿಲ್ಲ, ಕಾವಲಿಯ ಮೇಲೆ ಬಿದ್ದಂತೆ ಹರಡಿ ಜಾರಿಹೋಗುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿಗೆ, ನೀರಿಗೆ ಇರುವ ಸಂದುಗಳು ಪಾದಗಳ ಒತ್ತಡಕ್ಕೆ ಮುಚ್ಚಿರುತ್ತವೆ. ಮರದ ಆಹಾರ ಹೀರುವ ಸಣ್ಣ ಬೇರುಗಳು ಬಹುಪಾಲು ಇರುವುದು ಮೇಲಿನ ಒಂದೆರಡು ಅಡಿಯಲ್ಲೇ. ಅವಕ್ಕೆ ಉಸಿರು ಸಿಗದು. ಮೇಲೆ ಎಲೆ ಹಸಿರಾಗಿಯೇ ಕಾಣುತ್ತಿರುತ್ತದೆ, ತುದಿಕೊಂಬೆ ಒಣಗುವುದು ವರ್ಷಗಳ ನಂತರ. ಏಪ್ರಿಲ್ ಮೇ ತಿಂಗಳ ಬಿರುಮಳೆಗೆ ಮರ ಉರುಳಿದಾಗ ಗಾಳಿಯನ್ನು ದೂರುತ್ತೇವೆ. ಅಲ್ಲಿಂದ ಸ್ವಲ್ಪ ದೂರದ ಬಿದಿರು ಮೆಳೆಯ ಕೆಳಗೆ ಅದೇ ಚೊಂಬು ನೀರು ಹುಯ್ದು ನೋಡಿ. ತರಗೆಲೆಯ ಹಾಸಿನಡಿ ಮಣ್ಣು ಕಪ್ಪಗೆ, ಸಡಿಲವಾಗಿ, ಎರೆಹುಳುವಿನ ಹಿಕ್ಕೆಯಿಂದ ಪುಡಿಪುಡಿಯಾಗಿರುತ್ತದೆ. ನೀರು ಕಣ್ಮುಚ್ಚಿ ತೆರೆಯುವುದರೊಳಗೆ ಮಾಯ. ಎರಡರ ನಡುವಿನ ಅಂತರಕ್ಕೆ ಕಾರಣ ಇಷ್ಟೇ: ಒಂದು ಕಡೆ ತರಗೆಲೆ ಗುಡಿಸಿ ಜನರನ್ನು ಬಿಟ್ಟಿದ್ದಾರೆ, ಇನ್ನೊಂದು ಕಡೆ ತರಗೆಲೆ ಬಿಟ್ಟು ಜನರನ್ನು ದೂರ ಇಟ್ಟಿದ್ದಾರೆ. ಯಾವ ಮರದ ಕೆಳಗೆ ಯಾವುದು ಎಂದು ತೀರ್ಮಾನಿಸುವುದು ನಿರ್ವಹಣೆಯ ತಿರುಳು.

ಈ ಪಾಠವನ್ನು ಸೆಂಟ್ರಲ್ ಪಾರ್ಕ್ ದುಬಾರಿ ಬೆಲೆ ತೆತ್ತು ಕಲಿಯಿತು. 1970ರ ದಶಕದಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಾಗ ಉದ್ಯಾನದ ಕೆಲಸಗಾರರು ಕಡಿಮೆಯಾದರು. ದೊಡ್ಡ ದೊಡ್ಡ ಸಭೆ, ಸಂಗೀತ ಕಛೇರಿಗಳ ತುಳಿತಕ್ಕೆ ಷೀಪ್ ಮೆಡೋ ಎಂಬ ವಿಶಾಲ ಹುಲ್ಲುಗಾವಲು ಧೂಳಿನ ಬಯಲಾಯಿತು. 1980ರಲ್ಲಿ ನಾಗರಿಕರು ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕಟ್ಟಿ ನಗರದೊಂದಿಗೆ ಕೈಜೋಡಿಸಿದರು. ಎಲಿಜಬೆತ್ ಬಾರ್ಲೋ ರಾಜರ್ಸ್ ಅದರ ಮುಂದಾಳು. ಮೊದಲು ಇಡೀ ಉದ್ಯಾನದ ಮಣ್ಣು, ಮರ, ನೀರು, ಜನರ ಓಡಾಟವನ್ನು ಅಳೆದರು, ಆಮೇಲೆ ದುರಸ್ತಿಯ ಯೋಜನೆ ಬರೆದರು. ದುರಸ್ತಿಯಾದ ಹುಲ್ಲು ಮತ್ತೆ ಕೆಡಬಾರದಲ್ಲ? 1996ರಲ್ಲಿ ಉದ್ಯಾನವನ್ನು 49 ವಲಯಗಳಾಗಿ ಹಂಚಿ ಒಂದೊಂದಕ್ಕೂ ಒಬ್ಬೊಬ್ಬ ಮಾಲಿಯನ್ನು ನೇಮಿಸಿದರು. ಆ ವಲಯದ ಕಸ, ಬೆಂಚು, ಗಿಡ, ಹುಲ್ಲು, ದಾರಿ ಕೇಳುವವರಿಗೆ ಉತ್ತರ, ಎಲ್ಲ ಆ ಒಬ್ಬರ ಹೊಣೆ. ಅದಕ್ಕೆ ಮೊದಲು ಮರ ಕಡಿಯುವ ತಂಡ, ಹುಲ್ಲು ಕತ್ತರಿಸುವ ತಂಡ, ಕಸದ ತಂಡ ಎಂದು ಬೇರೆ ಬೇರೆ ತಂಡಗಳು ಬಂದುಹೋಗುತ್ತಿದ್ದವು, ಯಾವ ಜಾಗವೂ ಯಾರದೂ ಆಗಿರಲಿಲ್ಲ. ಎರಡು ಶತಮಾನದ ಉದ್ಯಾನ ನಿರ್ವಹಣೆಯಲ್ಲಿ ಇದಕ್ಕಿಂತ ಸರಳವಾದ, ಇದಕ್ಕಿಂತ ಫಲ ಕೊಟ್ಟ ಬದಲಾವಣೆ ನನಗೆ ಕಾಣುವುದಿಲ್ಲ.

ಕನ್ಸರ್ವೆನ್ಸಿಯ ಎಲ್ಲವನ್ನೂ ಮೆಚ್ಚಬೇಕಿಲ್ಲ. ಅದರ ಖರ್ಚಿನ ಬಹುಭಾಗ ಬರುವುದು ದಾನದಿಂದ, ದಾನಿಗಳಲ್ಲಿ ಅನೇಕರು ಉದ್ಯಾನದ ಸುತ್ತಲಿನ ಸಿರಿವಂತರು. ಅದೇ ನಗರದ ಬಡ ಬಡಾವಣೆಗಳ ಪಾರ್ಕುಗಳಿಗೆ ಅಂಥ ದಾನಿಗಳಿಲ್ಲ. ಉದ್ಯಾನಕ್ಕೆ ತೆರಿಗೆ ಹಣ ಕೊಡುವುದು ಸರ್ಕಾರದ ಕರ್ತವ್ಯ, ಅದನ್ನು ಬೇರೆಯವರ ಹೆಗಲಿಗೆ ದಾಟಿಸಬಾರದು. ನಾವು ತೆಗೆದುಕೊಳ್ಳಬೇಕಾದದ್ದು ಆ 49 ಮಾಲಿಗಳ ಏರ್ಪಾಡನ್ನು.

ಸಂರಕ್ಷಣೆ ಎಂಬ ಮಾತು ಸೇರಿದ ಮೇಲೆ ಜಗಳಗಳು ಹೊಸ ರೂಪ ಪಡೆದವು. 1980ರ ದಶಕದ ಆರಂಭದಲ್ಲಿ ಸೆಂಟ್ರಲ್ ಪಾರ್ಕಿನ ರ‍್ಯಾಂಬಲ್ ಎಂಬ ಕಾಡುತುಣುಕಿನ ಬಳಿ, ಓಮ್‌ಸ್ಟೆಡ್ ಕಾಲದ ನೋಟ ಮರಳಿ ತರಲು ಮರ ಕಡಿದಾಗ ಹಕ್ಕಿ ವೀಕ್ಷಕರು ಸಿಡಿದೆದ್ದರು. ಹಳೆಯ ವಿನ್ಯಾಸವನ್ನು ಕಾಪಾಡುವುದೂ ಸಂರಕ್ಷಣೆ, ವಲಸೆ ಹಕ್ಕಿಗೆ ಪೊದೆ ಉಳಿಸುವುದೂ ಸಂರಕ್ಷಣೆ. ಆ ಪೇಚು ನಮ್ಮಲ್ಲೂ ಇದೆ. ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರುವ ರೂಢಿ ದಶಕಗಳಿಂದ ನಡೆದುಬಂದಿದೆ. ಅವರಿಗೆ ಬೇಕಾದದ್ದು ಒಣಮರ, ಪೊದೆ, ಗುಡಿಸದ ತರಗೆಲೆ. ಬೆಳಗಿನ ನಡಿಗೆಗೆ ಬರುವ ಹಿರಿಯರಿಗೆ ಬೇಕಾದದ್ದು ಸ್ವಚ್ಛ ದಾರಿ, ಮರೆಯಿಲ್ಲದ ಅಂಚು. ಇಬ್ಬರೂ ಹೇಳುವುದು ನ್ಯಾಯವೇ. ಒಂದು ಭಾಗವನ್ನು ಅವರಿಗೆ, ಒಂದನ್ನು ಇವರಿಗೆ ಎಂದು ನಕ್ಷೆಯಲ್ಲಿ ಗುರುತಿಸಿ ಬರೆದಿಟ್ಟರೆ ಅಧಿಕಾರಿ ಬದಲಾದಾಗಲೆಲ್ಲ ವಾದ ಮೊದಲಿನಿಂದ ಶುರುವಾಗುವುದಿಲ್ಲ.

ನಮ್ಮಲ್ಲಿ ಬಲವಾಗಿ ಬೆಳೆದದ್ದು ಗಡಿಯ ಕಾವಲು. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅದಕ್ಕೆ ಬುನಾದಿ ಹಾಕಿತು. 1998ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು ರಕ್ಷಿತ ಗಡಿಯಿಂದ ಹೊರಗಿಡಲು ಸರ್ಕಾರ ಹೊರಟಾಗ ಜನ ಬೀದಿಗಿಳಿದರು, ಕೋರ್ಟಿನ ಮೆಟ್ಟಿಲೇರಿದರು. 2009ರಲ್ಲಿ ಮೆಟ್ರೊಗಾಗಿ ಲಾಲ್‌ಬಾಗಿನ ಅಂಚಿನ ಮರಗಳಿಗೆ ಕೊಡಲಿ ಬಿದ್ದಾಗ ಮತ್ತೆ ಹೋರಾಟ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ನೆಲ ಬೇಕೆಂಬ ಪ್ರಸ್ತಾಪ ಬಂದಾಗ, ಸುಮಾರು 300 ಕೋಟಿ ವರ್ಷ ಹಳೆಯ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಅಲ್ಲಿನ ಬಂಡೆಯ ಹೆಸರು ಹಿಡಿದು ಜನ ದನಿ ಎತ್ತಿದರು. ಈ ಎಚ್ಚರ ಬೆಂಗಳೂರಿನ ದೊಡ್ಡ ಆಸ್ತಿ. ಕಬ್ಬನ್ ಉದ್ಯಾನದ ಪಕ್ಕದಲ್ಲೇ ಇದ್ದ ಸಂಪಂಗಿ ಕೆರೆಗೆ ಈ ಕಾವಲು ಸಿಗಲಿಲ್ಲ. ಅದು ಕಂಠೀರವ ಕ್ರೀಡಾಂಗಣವಾಯಿತು, ಕರಗದ ವಿಧಿಗೆಂದು ಒಂದು ಸಣ್ಣ ಹೊಂಡವಷ್ಟೇ ಉಳಿಯಿತು. ನೀರನ್ನು ಅಷ್ಟಾದರೂ ಉಳಿಸಿದ್ದು ಆಚರಣೆ.

ಗಡಿಯೊಳಗಿನ ಬದುಕಿಗೆ ಅಷ್ಟೇ ಗಮನ ಸಿಕ್ಕಿಲ್ಲ. ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ಲರ ಹೆಸರಿನ ಹಳೆಯ ಉಪನ್ಯಾಸ ಮಂದಿರ ಶಿಥಿಲವಾಗಿ 2017ರಲ್ಲಿ ನೆಲಸಮವಾಯಿತು. ಅದನ್ನು ಕೆಡವಲು ಯಾವ ರಸ್ತೆಯೂ ಬಂದಿರಲಿಲ್ಲ, ಸೋರುವ ಸೂರನ್ನು ಕಾಲಕಾಲಕ್ಕೆ ನೋಡುವ ಕೈ ಇರಲಿಲ್ಲ. ಒಳ್ಳೆಯ ಹೆಜ್ಜೆಗಳೂ ಇವೆ. ಭಾನುವಾರ ಕಬ್ಬನ್ ಉದ್ಯಾನದ ರಸ್ತೆಗಳಲ್ಲಿ ವಾಹನ ಸಂಚಾರ ನಿಲ್ಲಿಸಿದ್ದರಿಂದ ಮಕ್ಕಳು ಸೈಕಲ್ ಕಲಿಯುವಂತಾಯಿತು. ಸೆಂಟ್ರಲ್ ಪಾರ್ಕ್ ತನ್ನ ಒಳದಾರಿಗಳಿಂದ ಕಾರನ್ನು ಪೂರ್ತಿ ಹೊರಗಟ್ಟಿದ್ದು 2018ರಲ್ಲಿ. ಕೆಲವು ವರ್ಷಗಳಿಂದ ಶನಿವಾರ ಬೆಳಿಗ್ಗೆ ತರುಣ ತರುಣಿಯರು ಚಾಪೆ ಹಾಸಿಕೊಂಡು ಕಬ್ಬನ್ ಉದ್ಯಾನದಲ್ಲಿ ಮೌನವಾಗಿ ಪುಸ್ತಕ ಓದುತ್ತಾರೆ. ಕಬ್ಬನ್ ರೀಡ್ಸ್ ಎಂಬ ಈ ಕೂಟ ಬೇರೆ ಊರು, ಬೇರೆ ದೇಶಗಳಿಗೂ ಹಬ್ಬಿತು. ಕಟ್ಟಡ ಬೇಡದ, ಮೈಕು ಬೇಡದ ಸಂಸ್ಕೃತಿ ಇದು. ಇದಕ್ಕೆ ಉದ್ಯಾನ ಕೊಡಬೇಕಾದದ್ದು ನೆರಳು ಮತ್ತು ಆಗಾಗ ಬದಲಿಸಿಕೊಡುವ ಹುಲ್ಲಿನ ಜಾಗ. ಒಂದೇ ಹುಲ್ಲುಹಾಸಿನ ಮೇಲೆ ವಾರವಾರ ಎಲ್ಲರೂ ಕೂತರೆ ಆ ಚೊಂಬು ನೀರಿನ ಕಥೆಯೇ ಮರುಕಳಿಸುತ್ತದೆ.

ಹಾಗಾದರೆ ಆ ಜಾಗ ಬದಲಿಸುವವರು ಯಾರು? ಈ ವಾರ ಇಲ್ಲಿ ಕೂರಬೇಡಿ, ಅಲ್ಲಿ ಕೂತುಕೊಳ್ಳಿ ಎಂದು ಸಮಾಧಾನವಾಗಿ ಹೇಳಬಲ್ಲವರು ಆ ಹುಲ್ಲನ್ನು ದಿನವೂ ನೋಡುವ ಮಾಲಿ. ಸೆಕ್ಯುರಿಟಿಯವರ ಸೀಟಿಯಿಂದ ಆ ಕೆಲಸ ಆಗುವುದಿಲ್ಲ. ಲಾಲ್‌ಬಾಗಿನಲ್ಲೇ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸಿಕೊಂಡು ಬಂದಿದೆ. ಕಸಿ ಕಟ್ಟುವುದು, ಸಸಿ ಮಡಿ, ಗೊಬ್ಬರ, ಕೀಟ ಎಲ್ಲ ಅಲ್ಲಿ ಕಲಿಯುತ್ತಾರೆ. ಅದರಲ್ಲೇ ಒಂದು ಕವಲು ತೆಗೆದು, ಹಳೆಯ ಮರದ ಆರೈಕೆ, ತುಳಿದ ಮಣ್ಣಿನ ಚೇತರಿಕೆ, ಹಕ್ಕಿ ಗೂಡಿನ ಕಾಲ, ಜನರ ಜೊತೆ ಮಾತಾಡುವ ಬಗೆ ಇಷ್ಟನ್ನು ಕಲಿಸಬಹುದು. ಕಲಿತವರಿಗೆ ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನದಲ್ಲಿ ಒಂದೊಂದು ತುಂಡು ನೆಲ, ಕಾಯಂ ಸಂಬಳ, ಅವರ ಹೆಸರಿರುವ ಒಂದು ಫಲಕ ಕೊಡಬೇಕು. ಆ ಫಲಕ ನೋಡಿ ನಡಿಗೆಗೆ ಬಂದವರು ನೇರವಾಗಿ ಅವರನ್ನೇ ಕೇಳಲಿ: ಈ ಮರದ ತುದಿ ಯಾಕೆ ಒಣಗುತ್ತಿದೆ?