ಮಾರಿಯೂ ಮಾರುತನೂ

ಜನಪದವನ್ನೇ ಒಟ್ಟಾಗಿ ಧ್ವಂಸಗೊಳಿಸುವ ವ್ಯಾಧಿಗಳಿಗೆ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕರ ವಿಕೃತಿಯೇ ಕಾರಣವೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ. ಅವುಗಳಲ್ಲಿ ವಾಯುವಿನದೇ ಮೊದಲನೆಯ ಎಣಿಕೆ. ಬೆಂಗಳೂರು ದಂಡಿನ ಚರಿತ್ರೆಯಲ್ಲಿ ಮಾರಿಗೂ ಮಾರುತನಿಗೂ ಎರಡು ಸಲ ಗಂಟುಬಿದ್ದಿತು. ಮೊದಲನೆಯ ಸಲ ಜನರು ರೋಗದ ಕಾರಣವನ್ನು ಅರ್ಧ ತಿಳಿದೂ ಒಳ್ಳೆಯ ಗಾಳಿಯನ್ನು ಸಂಪಾದಿಸಿದರು. ಎರಡನೆಯ ಸಲ ಎಲ್ಲವನ್ನೂ ಗಳಿಗೆಗಳಿಗೆಗೆ ಅಳೆದೂ ಅದನ್ನು ಕಳೆದುಕೊಂಡರು.

1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಜನಸಂಖ್ಯೆಯು 1891ರಲ್ಲಿ ಸುಮಾರು 1 ಲಕ್ಷವಿದ್ದುದು 1901ರ ಗಣತಿಯಲ್ಲಿ ಸುಮಾರು 90 ಸಾವಿರಕ್ಕೆ ಇಳಿಯಿತು. ಸತ್ತವರು ಕೆಲವರು, ಊರುಬಿಟ್ಟವರು ಕೆಲವರು. ರೋಗಾಣುವನ್ನು ಯೆರ್ಸಿನನು 1894ರಲ್ಲಿಯೇ ಕಂಡಿದ್ದನು. ಇಲಿಯ ಚಿಗಟವೇ ಅದರ ವಾಹನವೆಂದು ಸಿಮೋಂದನು ಕರಾಚಿಯಲ್ಲಿ ತೋರಿಸಿದುದು ಇದೇ 1898ರಲ್ಲಿ. ಆದರೆ ಆ ಮಾತು ಕೂಡಲೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಈಗ ಶಿವಾಜಿನಗರವೆಂದು ಕರೆಯಲ್ಪಡುವ ಬ್ಲ್ಯಾಕ್‌ಪಳ್ಳಿಯ ಇಕ್ಕಟ್ಟಿನ ಸಂದಿಗಳು, ಬೆಳಕಿಲ್ಲದ ಕೋಣೆಗಳು, ಕೆಟ್ಟ ಗಾಳಿ, ಇವೇ ದೋಷಿಗಳಾಗಿ ಕಂಡವು. ಆ ಭಯದ ಫಲವಾಗಿ, ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ದಶಕದಲ್ಲಿ, ಫ್ರೇಜರ್ ಟೌನು ಹುಟ್ಟಿತು. ಅಗಲವಾದ ನೇರ ಬೀದಿ, ಮನೆಗಳ ನಡುವೆ ಬಯಲು, ಇಲಿ ನುಸುಳದಂಥ ಕಟ್ಟಡ, ಇವು ಅದರ ಲಕ್ಷಣಗಳು. ಇಂಜಿನಿಯರ್ ಜೆ. ಹೆಚ್. ಸ್ಟೀಫನ್ಸರು 1914ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಲಿಗೆ ಹೆದರಿ ಕಟ್ಟಿದ ಊರಿನಲ್ಲಿ ಮನುಷ್ಯನಿಗೆ ಉಸಿರಾಡಲು ಸ್ಥಳ ಸಿಕ್ಕಿತು!

ಇನ್ನು 2020ರ ಸಂಗತಿ. ಆ ವೇಳೆಗೆ ನಗರದಲ್ಲಿ ನೋಂದಾಯಿತವಾದ ವಾಹನಗಳು 80 ಲಕ್ಷವನ್ನು ಮೀರಿದ್ದವು. ಹಲಸೂರಿನಿಂದ ಇಂದಿರಾನಗರದ ಅಂಚನ್ನು ಹಾದು ಕೃಷ್ಣರಾಜಪುರದ ತೂಗುಸೇತುವೆಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ ಹೊಗೆಗೂ ಧೂಳಿಗೂ ಬಿಡುವಿರಲಿಲ್ಲ. ಮಾರ್ಚಿ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಎಂಬ ದಿಗ್ಬಂಧನ. ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಗದ್ದಲವು ಅಡಗಿತು, ಮೆಟ್ರೋ ರೈಲು ನಿಂತಿತು, ಗಾಳಿಯು ತಿಳಿಯಾಯಿತು.

ಹಾಗೆಂದು ಎಲ್ಲ ಮಾಲಿನ್ಯವೂ ಒಂದೇ ಸಮನಾಗಿ ತಗ್ಗಿತೆಂದು ತಿಳಿಯಬಾರದು. ಇಂಜಿನಿನ ಹೊಗೆಯಿಂದ ಹುಟ್ಟುವ ನೈಟ್ರೋಜನ್ ಡೈಆಕ್ಸೈಡು ಬಲು ಬೇಗನೆ ಇಳಿಯಿತು. 2.5 ಮೈಕ್ರಾನಿಗೂ ಕಿರಿದಾದ ಕಣಗಳು ತಗ್ಗಿದರೂ ಇಲ್ಲವಾಗಲಿಲ್ಲ. ಕಸ ಸುಡುವ ಹೊಗೆ, ಒಲೆಯ ಹೊಗೆ, ದೂರದಿಂದ ತೇಲಿಬರುವ ಧೂಳು, ಇವಕ್ಕೆ ಕರ್ಫ್ಯೂ ಇಲ್ಲವಷ್ಟೆ. ಓಜೋನಿನ ನಡತೆಯೋ ಇನ್ನೂ ವಿಲಕ್ಷಣವಾದುದು. ವಾಹನಗಳು ಉಗುಳುವ ನೈಟ್ರಿಕ್ ಆಕ್ಸೈಡು ರಸ್ತೆಯ ಬಳಿಯ ಓಜೋನನ್ನು ನುಂಗುತ್ತದೆ. ನುಂಗುವುದು ಕಡಮೆಯಾದಾಗ ಓಜೋನು ಅದೇ ಪ್ರಮಾಣದಲ್ಲಿ ಇಳಿಯದೆ, ದೇಶದ ಕೆಲವು ನಗರಗಳಲ್ಲಿ ಏರಿಯೂ ಇದ್ದಿತು.

ಈ ನಿರ್ಮಲತೆಯ ಬೆಲೆಯನ್ನು ತೆತ್ತವರು ಯಾರು? ದಿನಗೂಲಿಯವರು, ತಳ್ಳುಗಾಡಿಯವರು, ಆಟೋ ಓಡಿಸುವವರು. ಕೆಲಸವಿಲ್ಲದೆ ಗಂಟುಮೂಟೆ ಹೊತ್ತು ಊರಿಗೆ ನಡೆದವರಿಗೆ ಆಕಾಶದ ನೀಲಿಯನ್ನು ಹೊಗಳುವ ಪುರಸತ್ತಿರಲಿಲ್ಲ. ಇದನ್ನು ಮರೆತು ಆ ವಾರಗಳನ್ನು ಕೃತಯುಗವೆಂದು ಬಣ್ಣಿಸುವವರ ಮಾತು ನ್ಯಾಯವಾದುದಲ್ಲ. ಅಷ್ಟು ಕಷ್ಟದಿಂದ ಬಂದುದಾದರೂ ನಿಂತಿತೆ? ಜೂನ್ ತಿಂಗಳಿಂದ ಬಂಧನವು ಸಡಿಲವಾದಂತೆ ಹೊಗೆಯು ಹಿಂದಿರುಗಿತು. ಬಸ್ಸಿನ ಜನಸಂದಣಿಗೆ ಹೆದರಿದ ಅನೇಕರು ಸ್ವಂತ ವಾಹನವನ್ನೇ ನೆಚ್ಚಿಕೊಂಡರು. 2021ರ ಮೇ ತಿಂಗಳಲ್ಲಿ ಬೀದಿಗಳು ಮತ್ತೆ ಬರಿದಾದವು, ಮತ್ತೆ ತುಂಬಿದವು.

ಇದೇ ಪೂರ್ವಭಾಗದಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವುಂಟು. ವೈಟ್‌ಫೀಲ್ಡ್ ರಸ್ತೆಯ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಕಪ್ಪು ಧೂಳಿನ ವಿಷಯವಾಗಿ ಸುತ್ತಲಿನ ನಿವಾಸಿಗಳು ವರ್ಷಾನುಗಟ್ಟಲೆ ದೂರಿತ್ತು ಹೋರಾಡಿದರು. 2019ರ ಫೆಬ್ರವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವುದಾಗಿ ಪ್ರಕಟವಾಯಿತು. ಲಾಕ್‌ಡೌನ್ ತೆರವಾದಾಗ ಬಸ್ಸು ಕಾರುಗಳ ಹೊಗೆ ಮರಳಿತೇ ಹೊರತು ಆ ಧೂಳು ಮರಳಲಿಲ್ಲ. ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರಕ್ಕೆ ಮೆಟ್ರೋ ಮಾರ್ಗವು ತೆರೆಯಲ್ಪಟ್ಟುದು 2023ರ ಅಕ್ಟೋಬರಿನಲ್ಲಿ, ಆ ನೀಲಿ ಆಕಾಶವು ಮರೆಯಾಗಿ ಮೂರು ವರ್ಷಗಳ ಮೇಲೆ.