ಬೆರಳಾಡಿಸಿದರೆ ಮಿದುಳಿನಲ್ಲಿ ಬೆಳಗುವ ಜಾಗ

ಇದನ್ನು ಓದುತ್ತಲೇ ಒಂದು ಸಣ್ಣ ಕೆಲಸ ಮಾಡಿ. ಬಲಗೈ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳಿಗೆ ಒಂದೊಂದಾಗಿ ತಾಗಿಸಿ. ಆಯಿತೇ? ಅಷ್ಟರಲ್ಲಿ ನಿಮ್ಮ ಮಿದುಳಿನ ಎಡಭಾಗದ ಒಂದು ಪುಟ್ಟ ಜಾಗಕ್ಕೆ ರಕ್ತದ ಹರಿವು ಹೆಚ್ಚಿದೆ. ತಲೆಬುರುಡೆ ತೆರೆಯದೆ, ಸೂಜಿಯನ್ನೂ ಚುಚ್ಚದೆ ಇದನ್ನು ಕಾಣಲು ವಿಜ್ಞಾನಕ್ಕೆ ಸುಮಾರು 120 ವರ್ಷ ಬೇಕಾಯಿತು.

ಮೊದಲ ಸುಳಿವು ಕೊಟ್ಟವರು ರೋಗಿಗಳು. 19ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯರು ಮೂರ್ಛೆರೋಗಿಗಳನ್ನು ಗಮನಿಸುತ್ತಿದ್ದರು. ಕೆಲವರಿಗೆ ಸೆಳೆತ ಹೆಬ್ಬೆರಳಲ್ಲಿ ಶುರುವಾಗಿ, ತೋಳು ಹಿಡಿದು, ಮುಖಕ್ಕೆ ಏರುತ್ತಿತ್ತು. ಹಾಗಾದರೆ ಮಿದುಳಿನಲ್ಲೂ ಈ ಅಂಗಗಳಿಗೆ ಅಕ್ಕಪಕ್ಕದ ಮನೆಗಳಂತೆ ಜಾಗಗಳಿರಬೇಕು ಎಂದು ಅವರು ಊಹಿಸಿದರು. 1870ರಲ್ಲಿ ಬರ್ಲಿನ್ನಿನ ಫ್ರಿಟ್ಶ್ ಮತ್ತು ಹಿಟ್ಸಿಗ್, ನಾಯಿಯ ಮಿದುಳಿಗೆ ಸಣ್ಣ ವಿದ್ಯುತ್ ಹರಿಸಿದಾಗ ಎದುರು ಬದಿಯ ಕಾಲು ಅಲುಗಿತು. ಊಹೆಗೆ ಸಾಕ್ಷಿ ಸಿಕ್ಕಿತು.

ಮನುಷ್ಯರ ನಕ್ಷೆ ಬರೆದವರಲ್ಲಿ ದೊಡ್ಡ ಹೆಸರು ಕೆನಡಾದ ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್. ಮೂರ್ಛೆಗೆ ಕಾರಣವಾದ ಭಾಗವನ್ನು ತೆಗೆಯುವಾಗ ರೋಗಿಯ ಕೈ ಬಿದ್ದುಹೋಗಬಾರದು, ಮಾತು ನಿಲ್ಲಬಾರದು. ಅದೇ ಅವರ ಚಿಂತೆ. ನೆತ್ತಿಗೆ ಮಾತ್ರ ಮರಗಟ್ಟಿಸುವ ಮದ್ದು ಕೊಟ್ಟು, ರೋಗಿ ಎಚ್ಚರವಿರುವಾಗಲೇ ಮಿದುಳನ್ನು ವಿದ್ಯುತ್ತಿನಿಂದ ಮುಟ್ಟಿ ನೋಡುತ್ತಿದ್ದರು. ಮಿದುಳಿಗೆ ತನ್ನ ನೋವು ತಿಳಿಯುವುದಿಲ್ಲ. 1937ರಲ್ಲಿ ಬೋಲ್ಡ್ರಿ ಜೊತೆ ಪ್ರಕಟಿಸಿದ ಅವರ ಚಿತ್ರದ ಮನುಷ್ಯ ವಿಚಿತ್ರ: ಮೈ ಪುಟ್ಟದು, ಕೈ ಮತ್ತು ಮುಖ ಬಲು ದೊಡ್ಡವು! ಹೂ ಕಟ್ಟುವ, ರಂಗೋಲಿ ಎಳೆಯುವ ಬೆರಳಿಗೆ ಮಿದುಳು ಅಷ್ಟು ಜಾಗ ಬಿಟ್ಟುಕೊಟ್ಟಿದೆ.

ಮುಂದಿನ ಹೆಜ್ಜೆ ರಕ್ತದ ಜಾಡು ಹಿಡಿಯುವುದು. ಕೋಪನ್‌ಹೇಗನ್‌ನ ರೋಲಾಂಡ್, ಲಾಸೆನ್ ಮುಂತಾದವರು ವಿಕಿರಣಶೀಲ ಕ್ಸೆನಾನನ್ನು ರಕ್ತಕ್ಕೆ ಸೇರಿಸಿ ಅದು ಮಿದುಳಿನಲ್ಲಿ ಹರಿಯುವುದನ್ನು ಅಳೆದರು. 1980ರಲ್ಲಿ ಅವರು ವರದಿ ಮಾಡಿದ್ದು ಸ್ವಾರಸ್ಯದ ಸಂಗತಿ. ಬೆರಳನ್ನು ಸುಮ್ಮನೆ ಮಡಚಿದರೆ ಕೈಯ ಜಾಗ ಮಾತ್ರ ಚುರುಕಾಗುತ್ತಿತ್ತು. ಕಷ್ಟದ ಸರಣಿಯಲ್ಲಿ ಆಡಿಸಿದರೆ ಅದಕ್ಕೂ ಮುಂದಿನ, ಮಿದುಳಿನ ನಡುಗೆರೆಯ ಬಳಿಯ ಇನ್ನೊಂದು ಭಾಗವೂ ಜೊತೆಗೂಡುತ್ತಿತ್ತು. ಬೆರಳು ಅಲುಗಿಸದೆ, ಆ ಸರಣಿಯನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡರೆ? ಆಗ ಎಚ್ಚೆತ್ತದ್ದು ಆ ಎರಡನೆಯ ಭಾಗ ಮಾತ್ರ!

ಸೂಜಿಯನ್ನೂ ದೂರವಿಟ್ಟದ್ದು ಎಂಆರ್‌ಐ. ಆಮ್ಲಜನಕವಿರುವ ರಕ್ತ ಮತ್ತು ಅದನ್ನು ಬಿಟ್ಟುಕೊಟ್ಟ ರಕ್ತ ಅಯಸ್ಕಾಂತದ ಮುಂದೆ ಬೇರೆಬೇರೆಯಾಗಿ ವರ್ತಿಸುತ್ತವೆ. 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸೇಜಿ ಒಗಾವಾ ಇದನ್ನೇ ಬಳಸಿ ಮಿದುಳಿನ ಚಿತ್ರ ತೆಗೆಯಬಹುದೆಂದು ತೋರಿಸಿದರು. 1991ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧನಾ ವಿದ್ಯಾರ್ಥಿ ಪೀಟರ್ ಬ್ಯಾಂಡೆಟಿನಿ ಮತ್ತು ಸಂಗಡಿಗರು ಮಾಡಿಸಿದ್ದು ಈಗ ನೀವು ಮಾಡಿದಂಥ ಬೆರಳಾಟವನ್ನೇ. ಕೈಯ ಜಾಗ ಪರದೆಯ ಮೇಲೆ ಮೂಡಿತು. 1997ರಲ್ಲಿ ಯೂಸ್ರಿ ಮತ್ತು ಸಂಗಡಿಗರು, ಗ್ರೀಕರ ಒಮೆಗಾ ಅಕ್ಷರದಂತಿರುವ ಒಂದು ಉಬ್ಬೇ ಆ ಜಾಗದ ಗುರುತು ಎಂದು ತೋರಿಸಿಕೊಟ್ಟರು.

ನಕ್ಷೆ ಮುಗಿಯಿತೇ? ಇಲ್ಲ. 2023ರಲ್ಲಿ ಗಾರ್ಡನ್ ಮತ್ತು ಡೋಸೆನ್‌ಬಾಕ್ ಅವರ ತಂಡ, ಕಾಲು, ಕೈ, ಬಾಯಿಯ ಜಾಗಗಳ ನಡುವೆ ಬೇರೆಯೇ ಕೆಲಸದ ಭಾಗಗಳಿವೆ, ಅವು ಇಡೀ ದೇಹದ ಚಲನೆಯನ್ನು ಹೊಂದಿಸುವ ಜಾಲಕ್ಕೆ ಸೇರಿವೆ ಎಂದು ಪ್ರಕಟಿಸಿತು. ಪೆನ್‌ಫೀಲ್ಡರ ಮನುಷ್ಯನ ಮೈ ಅಲ್ಲಲ್ಲಿ ತುಂಡಾಯಿತು!

ಇದೆಲ್ಲ ನಮಗೇಕೆ ಅನ್ನುವಿರಾ? ಮಿದುಳಿನಲ್ಲಿ ಗೆಡ್ಡೆ ಬೆಳೆದಾಗ ಕೈಯ ಜಾಗ ಪಕ್ಕಕ್ಕೆ ಸರಿದಿರಬಹುದು. ಪುಸ್ತಕದ ಚಿತ್ರ ನಂಬಿ ಕತ್ತರಿಸುವಂತಿಲ್ಲ. ಆ ರೋಗಿಯದೇ ನಕ್ಷೆ ಬೇಕು. ಎಂಆರ್‌ಐ ಕಾಣಿಸುವುದು ರಕ್ತದ ಬದಲಾವಣೆಯನ್ನು, ಅದೂ ಕೆಲವು ಸೆಕೆಂಡು ತಡವಾಗಿ. ಹಾಗಾಗಿ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ವಿದ್ಯುತ್ ಮುಟ್ಟಿಸಿ ನೋಡುವ ಪೆನ್‌ಫೀಲ್ಡರ ಕ್ರಮ ಇಂದಿಗೂ ಉಳಿದಿದೆ. ನಿಮ್ಮವರು ಯಾರಾದರೂ ಅಂಥ ಸ್ಕ್ಯಾನ್‌ಗೆ ಹೋಗುವುದಿದ್ದರೆ ಒಂದು ಮಾತು ಹೇಳಿ ಕಳಿಸಿ. "ಬೆರಳಾಡಿಸಿ, ಈಗ ನಿಲ್ಲಿಸಿ" ಎಂದು ಒಳಗೆ ಮತ್ತೆ ಮತ್ತೆ ಹೇಳಿದರೆ ಬೇಸರಿಸಬಾರದು, ತಲೆ ಅಲುಗಿಸಬಾರದು. ನಾಳೆ ಅದೇ ಕೈಯಿಂದ ತುತ್ತು ಕಲಸುವುದಕ್ಕೆ ಆ ಚಿತ್ರ ನೆರವಾದೀತು.